ನೆಲಕ್ಕಿಡಬೇಕಾದ ಪೆಟ್ಟಿಗೆಗಳು

ನಿಪ್ಪಾಣಿಯ ನನ್ನ ಅತ್ತೆಮನೆಯ ಪಡಸಾಲೆ ಎಂದರೆ ಸಣ್ಣ ಜಾಗವಲ್ಲ. ಮೊದಲು ಅಲ್ಲಿ ತಂಬಾಕಿನ ಚೀಲ ಒಟ್ಟುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಊರ ಹೊರಗೆ ಗೋದಾಮು ಕಟ್ಟಿದ ಮೇಲೆ ಪಡಸಾಲೆ ಖಾಲಿಯಾಯಿತು. ಸುಣ್ಣ ಹೊಡೆಸಿದರೂ ಬಂದವರು ಸೀನುವುದು ತಪ್ಪಲಿಲ್ಲ. ಅಲ್ಲಿಗೆ ಒಳ್ಳೆಯ ಸ್ಪೀಕರ್ ತರೋಣ ಎಂದು ನನ್ನ ಗಂಡ ಹೊರಟ. "ಹಾಡು ಕಲತಾಕಿ ನೀ, ನೀನ ಆರಿಸು" ಎಂದ. ಗಂಡನಿಗೆ ಬಹುವಚನ ಹಚ್ಚುವ ವಯಸ್ಸು ನನ್ನದು ಮುಗಿದಿದೆ. ಆದರೆ ಆ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು.

ಚಿಕ್ಕೋಡಿಯಲ್ಲಿ ಕಾಲೇಜಿಗೆ ಹೋಗುವಾಗ ನಾನು ಹಾಡು ಕಲಿತಿದ್ದೆ. ಗುರುಗಳು ತಂಬೂರಿ ಮೀಟುತ್ತ ನನ್ನಿಂದ ಭೂಪ ರಾಗ ಹಾಡಿಸಿ ತುಂಬಿಸಿದ ಕ್ಯಾಸೆಟ್ಟೊಂದು ನನ್ನ ಟ್ರಂಕಿನಲ್ಲಿತ್ತು. "ಹಾಡೂದು ಗೀಡೂದು ನಮ್ಮ ಮನ್ಯಾಗ ನಡಿಯೂದಿಲ್ರಿ" ಎಂದು ಅತ್ತೆ ಮದುವೆಯ ಮಾತುಕತೆಯಲ್ಲೇ ಹೇಳಿಬಿಟ್ಟಿದ್ದರು. ಸರಿ, ಬಾಯಿ ಮುಚ್ಚಿಕೊಂಡೆ. ಆದರೆ ಒಂದೇ ಒಂದು ಸಲ ಅವರು ಆ ಕ್ಯಾಸೆಟ್ ಕೇಳಬೇಕು, ಎಂಥವಳ ಬಾಯಿ ಮುಚ್ಚಿಸಿದೆ ಎಂದು ಅವರಿಗೆ ತಿಳಿಯಬೇಕು ಎಂಬ ಹಟ ಒಳಗೇ ಉರಿಯುತ್ತಿತ್ತು.

ಕೊಲ್ಲಾಪುರದ ಅಂಗಡಿಯವನು ಎರಡು ಜೋಡಿ ತೋರಿಸಿದ. ಒಂದು ಪುಸ್ತಕದ ಕಪಾಟಿನಲ್ಲಿ ಕೂಡುವ ಸಣ್ಣವು, ಇನ್ನೊಂದು ನೆಲದ ಮೇಲೆ ನಿಲ್ಲುವ ಸೊಂಟದೆತ್ತರದವು.

"ಸಣ್ಣವ ಸಾಕಲ್ಲ?" ಎಂದ ಗಂಡ.

"ಅಷ್ಟ ದೊಡ್ಡ ಪಡಸಾಲಿಗಿ ಇವು ಯಾವ ಮೂಲಿಗಿ ಸಾಲ್ತಾವ್ರಿ?" ಎಂದು ನನ್ನ ಕ್ಯಾಸೆಟ್ ಹಾಕಿಸಿದೆ. ಸಣ್ಣವುಗಳಲ್ಲಿ ಹಾಡು ಸ್ವಚ್ಛವಾಗಿಯೇ ಕೇಳಿತು, ಸುಳ್ಳೇಕೆ ಹೇಳಲಿ. ಆದರೆ ತಂಬೂರಿಯ ಖರ್ಜ, ಎಲ್ಲಕ್ಕಿಂತ ಕೆಳಗಿನ ಆ ದನಿ, ಮಾಯವಾಗಿತ್ತು. ದೊಡ್ಡವುಗಳಲ್ಲಿ ಅದು ಕಾಲ ಕೆಳಗಿನ ನೆಲದಿಂದಲೇ ಎದ್ದು ಬಂತು. ಅದರ ಮೇಲೆ ನನ್ನ ದನಿ. ಗಂಡ ಅಲ್ಲಿಯವರೆಗೆ ನನ್ನ ಹಾಡು ಕೇಳಿರಲಿಲ್ಲ. "ಇದು ನೀನ ಏನ?" ಎಂದು ಕಣ್ಣೊರೆಸಿಕೊಂಡ. ದೊಡ್ಡವನ್ನೇ ತಂದೆವು.

ನಮ್ಮ ಜೈನರ ಮನೆಗಳಲ್ಲಿ ಶಾಸ್ತ್ರದ ಪುಸ್ತಕವನ್ನು ಬರಿನೆಲಕ್ಕೆ ಇಡುವುದಿಲ್ಲ. ಅತ್ತೆ ಸ್ಪೀಕರ್ ಪೆಟ್ಟಿಗೆಗಳನ್ನು ನೋಡಿದವರೇ, "ಮುನಿ ಮಹಾರಾಜರ ಪ್ರವಚನ ಬರೂ ಪೆಟ್ಟಿಗಿ ನೆಲದಾಗ ಇಟ್ಟು ಕಾಲ ಬಡಿಸ್ತೀರೇನು? ಮ್ಯಾಲ ಇಡ್ರಿ" ಎಂದರು.

"ಅತ್ತಿ, ಇವು ನೆಲದ ಮ್ಯಾಲ ನಿಂದ್ರಾಕ ಮಾಡಿದ್ವು. ಕೆಳಗ ಕಟಗಿ ಮಣಿ ಹಾಕಿ ಇಡೂಣ್ರಿ."

"ಮಣಿಗಿ ಕಾಲ ಬಡಿಯೂದಿಲ್ಲೇನು?"

ಕೋಣನ ಮುಂದೆ ಕಿನ್ನರಿ. ಉಪ್ಪಿನಕಾಯಿ ಭರಣಿಗಳನ್ನು ಇಳಿಸಿ, ಅಟ್ಟದ ಹಲಗೆಯ ಮೇಲೆ, ತಲೆ ಮಾಡಿನ ತಗಡಿಗೆ ತಾಗುವಂತೆ, ಅವನ್ನು ಏರಿಸಿದರು.

ಮನೆಮಂದಿ ಎಲ್ಲ ಕೂತಾಗ ಗಂಡ ನನ್ನ ಕ್ಯಾಸೆಟ್ ಹಚ್ಚಿದ. ಹಲಗೆ ಗದಗುಟ್ಟಿತು, ತಗಡು ಝರಝರ ಎಂದಿತು. ನನ್ನ ದನಿ ಡಬ್ಬಿಯೊಳಗೆ ಕೂತು ಯಾರೋ ಅತ್ತ ಹಾಗೆ ಕೇಳಿತು.

"ಇದನ್ನ ಕೇಳಾಕ ಕೊಲ್ಲಾಪುರ ತನಕ ಹೋಗಿದ್ರೇನು?" ಎಂದರು ಅತ್ತೆ.

"ಕೆಳಗ ಇಳಿಸಿ ಕೇಳ್ರಿ, ಅತ್ತಿ."

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ!"

ಎಲ್ಲರೂ ನಕ್ಕರು. ನಾನು ಗಂಡನ ಮುಖ ನೋಡಿದೆ. ಅಂಗಡಿಯಲ್ಲಿ ಕಣ್ಣೊರೆಸಿಕೊಂಡವನು ಅಡಿಕೆ ಕತ್ತರಿಸುತ್ತ, "ದೊಡ್ಡವು ಬ್ಯಾಡಂತ ನಾ ಮೊದಲ ಹೇಳಿದ್ನಿ" ಎಂದ. ಅವನನ್ನು ಹೇಡಿ ಎಂದರೆ ಹೇಡಿಗಳು ಬೇಜಾರು ಮಾಡಿಕೊಂಡಾರು. ಕ್ಯಾಸೆಟ್ ಮತ್ತೆ ಟ್ರಂಕು ಸೇರಿತು.

ಎಷ್ಟೋ ವರ್ಷಗಳ ಮೇಲೆ ಮನೆಗೆ ಮತ್ತೆ ಸುಣ್ಣ ಹೊಡೆಸಿದೆವು. ಪೆಟ್ಟಿಗೆಗಳನ್ನು ಕೆಳಗಿಳಿಸಿ ಪಡಸಾಲೆಯಲ್ಲಿ ನಿಲ್ಲಿಸಿದ್ದರು. ಅತ್ತೆ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಹತ್ತಿರ ಯಾರೂ ಇಲ್ಲದ್ದು ನೋಡಿ ನಾನು ಕ್ಯಾಸೆಟ್ ಹಚ್ಚಿದೆ. ಖರ್ಜ ನೆಲದಿಂದ ಎದ್ದು ಇಡೀ ಪಡಸಾಲೆ ತುಂಬಿತು.

ಅತ್ತೆ ಮೊರ ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು. ಹಾಡು ಮುಗಿಯುವವರೆಗೆ ಕದಲಲಿಲ್ಲ.

"ಯಾರ ಬೇ ಇಕಿ? ಎಷ್ಟ ಚಂದ ಹಾಡ್ಯಾಳ! ಇಕೀದು ಇನ್ನೊಂದು ಇದ್ರ ಹಚ್ಚ."

"ಇಲ್ರಿ. ಆಕಿ ಸತ್ತಾಳ."

"ಅಯ್ಯ ಪಾಪ," ಎಂದು ಅವರು ಜೋಳಕ್ಕೆ ಮರಳಿದರು.

ಗೋಡೆ ಒಣಗಿತು. ಪೆಟ್ಟಿಗೆಗೆ ಕಾಲು ಬಡಿಯುತ್ತವೆ, ಮೇಲಿಡಿ ಎಂದು ಅತ್ತೆ ಕೂಗಿದರು. ಗಂಡ ಏಣಿ ಹತ್ತಿ ಕೈ ಚಾಚಿದ. ಕೆಳಗಿನಿಂದ ನಾನೇ ಎತ್ತಿಕೊಟ್ಟೆ.