ಸಾವ್ಕಾರರ ಓಟ

ನಮ್ಮ ಸಿದ್ದಾಪುರದಲ್ಲಿ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಹಾಗಾಗಿ ಗೊಬ್ಬರದಂಗಡಿಯ ಗುರುಬಸವಪ್ಪನವರು ಶುಗರ್ ಇಳಿಸಲೆಂದು ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡತೊಡಗಿದಾಗ, ಹಿಂದೆ ಬಂದ ಬೈಕುಗಳೆಲ್ಲ ನಿಂತವು.

"ಯಾಕ್ರಿ ಸಾವ್ಕಾರ್ರ, ಬಸ್ ತಪ್ಪೈತೇನ್ರಿ? ಹತ್ರಿ, ಬಿಡ್ತೀನಿ!"

ಗಿರಾಕಿಗೆ ಇಲ್ಲವೆನ್ನುವ ನಾಲಿಗೆ ಅವರಿಗೆಲ್ಲಿದೆ? ಹತ್ತುತ್ತಿದ್ದರು. ಓಟ ದಿನವೂ ಮಿರ್ಚಿ ಬಜ್ಜಿ ಅಂಗಡಿಯ ಮುಂದೆ ಮುಗಿಯುತ್ತಿತ್ತು. ತೂಕ ಏರಿತು.

"ಇನ್ನ ನಾ ಓಡಾಂಗಿಲ್ಲ," ಎಂದು ಅವರು ಕೂತುಬಿಟ್ಟಾಗ ಹೆಂಡತಿ ಭವಾನಿ ತಂಬಿಗೆಗೆ ನೀರು ತುಂಬಿ ಕೈಗಿಟ್ಟಳು. "ಇದನ್ನ ಹಿಡ್ಕೊಂಡು ಓಡ್ರಿ. ಯಾರ್ ನಿಲ್ಲಸ್ತಾರ, ನಾನೂ ನೋಡ್ತೀನಿ."

ಯಾರೂ ನಿಲ್ಲಿಸಲಿಲ್ಲ. ತಂಬಿಗೆ ಹಿಡಿದು ಬಯಲಿನತ್ತ ಓಡುವವನನ್ನು ಮಾತಾಡಿಸುವುದುಂಟೇ? ಬೈಕಿನವರು ಮುಖ ತಿರುಗಿಸಿಕೊಂಡು ಹೋದರು. ಮುದುಕಿ ಮಾರೆವ್ವ ತನ್ನ ಎಮ್ಮೆಗಳನ್ನೇ ಬದಿಗೆ ಸರಿಸಿ ದಾರಿ ಬಿಟ್ಟಳು. ಗುರುಬಸವಪ್ಪನವರಿಗೆ ಏದುಸಿರು ಬಂತು. ಆದರೆ ತಂಬಿಗೆ ಹಿಡಿದು ನಡುದಾರಿಯಲ್ಲಿ ನಿಂತುಬಿಟ್ಟರೆ, ಕೆಲಸ ಅಲ್ಲೇ ಆಗಿಹೋಯಿತೆಂದು ಊರು ತಿಳಿಯದೇ? ಆ ಭಯಕ್ಕೇ ಪಕ್ಕದೂರಿನ ತನಕ ಓಡಿದರು, ಅದೇ ಭಯಕ್ಕೆ ಓಡಿಯೇ ತಿರುಗಿ ಬಂದರು.

ಮನೆಯ ಕಟ್ಟೆಯ ಮೇಲೆ ಮಾರೆವ್ವ ಮಜ್ಜಿಗೆ ತಂದು ಕಾಯುತ್ತಿದ್ದಳು. ತಂಬಿಗೆಯಲ್ಲಿ ಇನ್ನೂ ನೀರಿರುವುದನ್ನು ಕಂಡು ಅವಳ ಕರುಳು ಚುರುಕ್ಕೆಂದಿತು.

"ಪಾಪ, ಅಷ್ಟು ದೂರ ಓಡೀರಿ, ಎಲ್ಲೂ ಜಾಗಾ ಸಿಗಲಿಲ್ಲೇನ್ರಿ ಸಾವ್ಕಾರ್ರ?"