ಗಾಯರಾಣದ ಗುಡ್ಡ ಮತ್ತು ಮಾಶಾಬಿಯ ಹಟ

ಮಾಶಾಬಿಯ ತಲೆಯಲ್ಲಿ ಒಂದೇ ಹುಚ್ಚು. ಸಾಯುವುದರೊಳಗೆ ಸ್ವಂತ ಕಲ್ಲುಗಣಿ ಮಾಡಬೇಕು. ತಿಕೋಟಾದ ಸುತ್ತಮುತ್ತ ಮನೆ ಕಟ್ಟಿದವರ ಗೋಡೆಗಳಲ್ಲಿ ಅವಳು ಒಡೆದ ಕಲ್ಲಿಗೆ ಲೆಕ್ಕವಿಲ್ಲ, ಆದರೆ ಗಣಿ ಯಾವಾಗಲೂ ಇನ್ನೊಬ್ಬರದು, ಕೂಲಿ ಇವಳದು. ಗಂಡ ತೀರಿದ ಮೇಲೆ ಗಂಡಸರ ಸಾಲಿನಲ್ಲೇ ನಿಂತು ಸುತ್ತಿಗೆ ಬೀಸಿದಳು. ಮೊದಮೊದಲು ಕಿಸಕ್ಕನೆ ನಕ್ಕವರು ಆಮೇಲೆ ಬಂಡೆ ಯಾವ ಕಡೆ ಸೀಳುತ್ತದೆ ಎಂದು ಅವಳನ್ನೇ ಕೇಳತೊಡಗಿದರು.

೧೯೭೬ರಲ್ಲಿ ಆಸೆ ಕೈಗೂಡಿತು. ಊರ ದನ ಮೇಯುವ ಗಾಯರಾಣದ ಗುಡ್ಡದಲ್ಲಿ ಕಲ್ಲು ತೆಗೆಯಲು ಸರಕಾರ ಪರವಾನಗಿ ಕೊಡುತ್ತದೆಂದು ಕೇಳಿ, ವಿಜಾಪುರದ ಕಚೇರಿಗೆ ಚಪ್ಪಲಿ ಸವೆಯುವಷ್ಟು ತಿರುಗಿ, ತನ್ನ ಹೆಸರಿಗೇ ತಂದಳು. ಊರ ಹಿರಿಯ ಬಸಗೊಂಡಪ್ಪ ಒಪ್ಪಿಗೆ ಕೊಡುವಾಗ ಒಂದೇ ಮಾತು ಹೇಳಿದ: “ಹಿಂದಿನಿಂದ ನಡದು ಬಂದದ್ದು ನಿನಗ ಗೊತ್ತೈತಿ ಬೇ. ಗುಡ್ಡದಾಗ ನೀರ ಕಂಡ್ರ ಅದು ದನದ್ದು. ಅಲ್ಲಿಗೆ ಕಲ್ಲ ತಗಿಯೂದು ನಿಲ್ಲಸಬೇಕು.”

“ನಿಲ್ಲಸತೇನಿ ಯಪ್ಪಾ.”

ಆ ಒಣ ಗುಡ್ಡದಲ್ಲಿ ನೀರೆಲ್ಲಿಂದ ಬರಬೇಕು ಎಂದುಕೊಂಡಿದ್ದಳು, ಅದಕ್ಕೇ ಅಷ್ಟು ಸಲೀಸಾಗಿ ಮಾತು ಕೊಟ್ಟಳು.

ಕರಿಕಲ್ಲು ಹೇಳಿದ ಕಡೆ ಸೀಳುತ್ತಿತ್ತು. ಮಾಶಾಬಿ ಮಾಲಕಿಯ ಗತ್ತಿನಲ್ಲಿ ಕೂಲಿಯವರಿಗೆಲ್ಲ ಚಹಾ ತರಿಸಿ, ಅದು ಹೇಗಿದೆಯೆಂದು ಎರಡೆರಡು ಸಲ ಕೇಳಿ ಹೊಗಳಿಸಿಕೊಳ್ಳುತ್ತಿದ್ದಳು. ಹಾಗೆ ಮೆರೆಯುವ ಹಕ್ಕು ಅವಳಿಗಿತ್ತು.

ಒಂದು ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ನೋಡಿದರೆ ಬಂಡೆಯ ಬುಡ ಬೆವರಿತ್ತು. ಕೈಯಿಟ್ಟಳು. ಅಂಗೈ ತುಂಬ ತಣ್ಣನೆಯ ನೀರು ಬಂತು. ಸುತ್ತ ನೋಡಿ, ಒಂದು ಚಪ್ಪಡಿ ತಳ್ಳಿ ಒರತೆಯನ್ನು ಮುಚ್ಚಿದಳು, ಮತ್ತು ಯಾರಿಗೂ ಹೇಳದೆ ದುಡಿದಳು.

ಮಧ್ಯಾಹ್ನ ಕಲ್ಲು ಒಯ್ಯಲು ಲಾರಿ ತಂದ ವ್ಯಾಪಾರಿ ನಿಜಾಮುದ್ದೀನನ ಕಾಲಿಗೆ ಒದ್ದೆ ತಗುಲಿತು. ಅವನು ಚಪ್ಪಡಿಯತ್ತ ನೋಡಿ, ದನಿ ತಗ್ಗಿಸಿ ಹೇಳಿದ: “ಪರವಾನಗಿದಾಗ ನೀರಿನ ಮಾತ ಎಲ್ಲೈತ್ರಿ? ಗರಸಮಣ್ಣ ತುಂಬಿ ಮುಚ್ಚಿಬಿಡ್ರಿ. ಯಾರ ನೋಡ್ಯಾರ?”

ಬೆಳಗಿನಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ ಆಗಿತ್ತು. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅವಳಿಗೆ ವಿಪರೀತ ನಾಚಿಕೆಯಾಯಿತು.

“ನಾ ನೋಡೇನಿ,” ಎಂದು ಚಪ್ಪಡಿ ಸರಿಸಿದಳು. ಕೆಲಸ ನಿಲ್ಲಿಸಿ ಬಸಗೊಂಡಪ್ಪನನ್ನು ಕರೆಸಿದಳು. ಸಂಜೆ ಎಮ್ಮೆಗಳು ಬಂದು ಅಲ್ಲಿ ಮೂತಿಯಿಟ್ಟಾಗ ದೂರ ಕೂತು ಅತ್ತಳು.

ಕಲ್ಲು ತೆಗೆಯದಿದ್ದರೆ ಪರವಾನಗಿ ಮರಳಿಸಬೇಕು. ಮರಳಿಸಿದರೆ ನಾಳೆ ಇನ್ನೊಬ್ಬ ಅದೇ ಗುಡ್ಡ ಕೇಳುತ್ತಾನೆ. ಅವನಿಗೆ ಊರ ಕಟ್ಟಳೆ ಹೇಳುವವರು ಯಾರು? ಈ ಯೋಚನೆ ಹೊತ್ತು ಮಾಶಾಬಿ ವಿಜಾಪುರಕ್ಕೆ ಹೋದಳು. ಕಚೇರಿಯ ಕಾರಕೂನ ಶಿವಶರಣಪ್ಪ ಪರವಾನಗಿ ಮರಳಿಸುವ ಅರ್ಜಿ ಮುಂದಿಟ್ಟು ಹೆಬ್ಬೆಟ್ಟು ಒತ್ತೆಂದ.

“ನೀರ ಬಂದದ್ದಕ್ಕ ಬಿಟ್ಟೇನಿ ಅಂತ ಬರೀರಿ ಮೊದಲ.”

“ಇದರಾಗ ಅದಕ್ಕ ಜಾಗಾ ಇಲ್ಲ ಬೇ.”

“ಬಾಜೂಕ ಬರೀರಿ. ಬೇಕಾದಷ್ಟು ಜಾಗಾ ಐತಿ.”

ಅವನು ಗದರಿದ, ರಮಿಸಿದ, ಊಟಕ್ಕೆ ಹೋಗಿ ಬಂದ. ಇವಳು ಕೈ ಸೆರಗಿನೊಳಗೆ ಮುಚ್ಚಿಕೊಂಡು ಮೇಜಿನ ಮುಂದೆ ನಿಂತೇ ಇದ್ದಳು. ಕಚೇರಿ ಮುಚ್ಚುವ ಹೊತ್ತಿಗೆ ಶಿವಶರಣಪ್ಪ ಸೋತು, ಅಂಚಿನಲ್ಲಿ ಬರೆದು, ಓದಿ ತೋರಿಸಿದ: “ಈ ಗುಡ್ಡದಲ್ಲಿ ನೀರು ಸಿಕ್ಕಿರುತ್ತದೆ. ಊರ ವಾಡಿಕೆಯಂತೆ ಅದು ದನಕರುಗಳದು. ಕಾರಣ ಕಲ್ಲು ತೆಗೆಯುವುದನ್ನು ಬಿಟ್ಟಿರುತ್ತೇನೆ.”

“ಇನ್ನೊಮ್ಮೆ ಓದ್ರಿ,” ಎಂದಳು. ಓದಿದ. ಆಗ ಹೆಬ್ಬೆಟ್ಟು ಒತ್ತಿದಳು.

ಮರುದಿನ ಮುಂಜಾನೆ ಅವಳು ಬಬಲೇಶ್ವರದ ಬಸ್ಸು ಹತ್ತಿದಳು. ಅಲ್ಲಿ ಬೇರೆಯವರ ಗಣಿಯಲ್ಲಿ ಕೂಲಿಗೆ ಆಳು ಬೇಕಾಗಿದ್ದರು.