ಶಟಲ್ ಬೇಡ ಎಂದ ಹದಿನಾಲ್ಕು ಮಂದಿ

ಗೌರಿಬಿದನೂರಿನಲ್ಲಿ ಒಂದು ಅಕ್ಕಿ ಮಂಡಿಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಕಂಪನಿ ಇತ್ತು. ಗುಂಡಿಯ ಮೊಬೈಲು ಆಗ ತಾನೇ ಎಲ್ಲರ ಕೈಗೂ ಬರುತ್ತಿದ್ದ ಕಾಲ. ಬೆಂಗಳೂರಿನ ಹೆಡ್ ಆಫೀಸಿನಿಂದ ಬರುವ ಫಾರಂಗಳನ್ನು ನೋಡಿಕೊಂಡು ನಾವು ಹದಿನಾಲ್ಕು ಜನ ದಿನವಿಡೀ ಟೈಪ್ ಮಾಡುತ್ತಿದ್ದೆವು. ಸೌಲಭ್ಯಗಳಿಗೇನೂ ಕೊರತೆಯಿರಲಿಲ್ಲ. ಗುಂಡಿ ಒತ್ತಿದರೆ ಕಾಫಿ ಸುರಿಸುವ ಮಷೀನು, ಊಟದ ಹೊತ್ತಿನಲ್ಲಿ ತಾರಸಿಯ ಮೇಲೆ ಶಟಲ್ ಆಡಲು ಎರಡು ಬ್ಯಾಟು, ಮಂಚೇನಹಳ್ಳಿ ಕಡೆಯ ನಮ್ಮ ನಾಲ್ವರನ್ನು ಮನೆ ಬಾಗಿಲಿನಿಂದಲೇ ಕರೆತರುವ ವ್ಯಾನು.

ಆ ವ್ಯಾನು ಇದ್ದದ್ದರಿಂದಲೇ ನನ್ನ ಗೆಳತಿಗೆ ಕೆಲಸ. ಅವಳಪ್ಪ ಮೊದಲ ದಿನವೇ ಡ್ರೈವರ್ ಎದುರಿಗೆ ಹೇಳಿಬಿಟ್ಟಿದ್ದರು: "ವ್ಯಾನ್ ಬಂದ್ರೆ ಕಳಿಸ್ತೀನಪ್ಪ. ಬಸ್ಸಲ್ಲಿ ಜೋತಾಡ್ಕೊಂಡು ಹೋಗೋ ಕೆಲ್ಸ ನಮ್ ಹುಡುಗೀಗೆ ಬ್ಯಾಡ." ನಮ್ಮೆಲ್ಲರಿಗಿಂತ ಚುರುಕಾಗಿ ಟೈಪ್ ಮಾಡುತ್ತಿದ್ದವಳು ಅವಳು. ಬಾಯಿ ಮಾತ್ರ ಇರಲಿಲ್ಲ. ಅದು ನನಗೆ ಇಬ್ಬರಿಗಾಗುವಷ್ಟಿತ್ತು.

ಒಂದು ದಿನ ಹೆಡ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ಹಾಳೆ ಬಂತು. ಮಿತವ್ಯಯವೇ ನಮ್ಮ ಸಂಸ್ಕೃತಿ ಎಂದು ಅರ್ಧ ಪುಟ ಉಪದೇಶ. ಕೆಳಗೆ ಪ್ರಶ್ನೆ: ಕಾಫಿ ಮಷೀನ್, ಶಟಲ್, ಎರಡರಲ್ಲಿ ಯಾವುದನ್ನು ಬಿಡುತ್ತೀರಿ? ಡಿಗ್ರಿಯಲ್ಲಿ ಇಂಗ್ಲಿಷಿಗೆ ಕ್ಲಾಸಿಗೇ ಮೊದಲು ಬಂದಿದ್ದ ನಾನು ಎದ್ದು ನಿಂತೆ. "ಅಯ್ಯೋ, ಎರಡು ಬ್ಯಾಟಿಗೆ ಇಷ್ಟುದ್ದ ಕಾಗದಾನಾ! ಜಿಪುಣರು! ಶಟಲ್‌ಗೆ ಟಿಕ್ ಹಾಕ್ರಪ್ಪ, ಕಾಫಿ ಉಳೀಲಿ" ಎಂದೆ. ಎಲ್ಲರೂ ಹಾಕಿದರು. ಅವಳೂ ಹಾಕಿದಳು.

ಸೋಮವಾರ ಬ್ಯಾಟುಗಳು ಇದ್ದಲ್ಲೇ ಇದ್ದವು. ವ್ಯಾನ್ ಬರಲಿಲ್ಲ.

ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದ ನಾನು ಸೀದಾ ಹೋಗಿ ಮ್ಯಾನೇಜರ್ ಮೇಲೆ ಹರಿಹಾಯ್ದೆ. ಅವರು ಆ ಹಾಳೆಯನ್ನೇ ಮುಂದೆ ಹಿಡಿದರು. "ಹೋಗ್ತಾ ಬರ್ತಾ ಇರೋ ಗಾಡೀಗೂ ಇಂಗ್ಲಿಷಲ್ಲಿ ಶಟಲ್ ಅಂತಾರೆ ಕಣಮ್ಮ. ನೀವೇ ತಾನೆ ಬೇಡ ಅಂದಿದ್ದು?" ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿಬಿಟ್ಟಿತು.

ಗೆಳತಿ ಅಂದೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಈ ವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದೇ ಎಂದರು ಮ್ಯಾನೇಜರ್. ಅವಳ ಖಾಲಿ ಕುರ್ಚಿ ನೋಡಿ ತಡೆಯಲಾರದೆ ನಾನೇ ಹೆಡ್ ಆಫೀಸಿಗೆ ಫೋನ್ ಮಾಡಿ ಬ್ಯಾಟಿನ ಕತೆಯನ್ನೆಲ್ಲ ಒದರಿದೆ. ಆ ಕಡೆಯ ಮೇಡಂ ನಕ್ಕೂ ನಕ್ಕೂ ಸುಸ್ತಾದರು. ಆದರೂ, "ಒಂದನ್ನ ಬಿಡ್ಲೇಬೇಕಲ್ಲಮ್ಮ" ಎಂದರು.

ಫೋನ್ ಕೈಯಲ್ಲಿ ಹಿಡಿದೇ ಹಿಂದಕ್ಕೆ ತಿರುಗಿ ಕೇಳಿದೆ: "ಕಾಫಿ ಬಿಡ್ತೀರೇನ್ರಪ್ಪ?" ವ್ಯಾನಿನ ಗೊಡವೆಯೇ ಇಲ್ಲದ ಊರಿನವರೇ ಹತ್ತು ಜನ. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವನು ಗೊಣಗಿಕೊಂಡೇ ಎತ್ತಿದ.

ಶುಕ್ರವಾರ ಮಷೀನು ಮೆಟ್ಟಿಲಿಳಿದು ಹೋಯಿತು, ಶನಿವಾರ ವ್ಯಾನ್ ಬಂತು. ಅವಳು ಹತ್ತಿ ನನ್ನ ಪಕ್ಕ ಕೂತಳು.

"ತಪ್ಪಾಯ್ತು ಕಣೇ. ಶಟಲ್ ಅಂದ್ರೆ ವ್ಯಾನು ಅಂತ ಯಾರಿಗೆ ಗೊತ್ತಿತ್ತು?" ಎಂದೆ.

"ನಂಗೆ ಗೊತ್ತಿತ್ತು" ಎಂದಳು.

"ಮತ್ಯಾಕೆ ಟಿಕ್ ಹಾಕ್ದೆ?"

"ನೀನು ಅಷ್ಟು ಜೋರಾಗಿ ಹೇಳ್ದಲ್ಲ. ನಾನೇ ತಪ್ಪು ತಿಳ್ಕೊಂಡಿರ್ಬೇಕು ಅಂದ್ಕೊಂಡೆ."

ಗೌರಿಬಿದನೂರು ಬರುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಅವಳೇ ನನ್ನ ಹಣೆ ಮುಟ್ಟಿ ನೋಡಿ, "ಏನೇ, ಹುಷಾರಿಲ್ವಾ?" ಎಂದು ಕೇಳಿದಳು.